ಗಸಗಸೆ ಬನ್ನಿನ ಕಡೆ

ತಿರುಮೂರ್ತಿ ಅಣ್ಣನನ್ನು ನಾನು ಮೊದಲು ನೋಡಿದ್ದು ಕೊಯಮತ್ತೂರಿನ ಗಾಂಧಿಪುರಂ ಬಸ್ ನಿಲ್ದಾಣದ ಎದುರಿನ ಒಂದು ಕಟ್ಟಡದ ಮೆಟ್ಟಿಲ ಮೇಲೆ. ಮಹಡಿಯಲ್ಲಿ ಒಂದು ಟ್ರಾವೆಲ್ಸ್ ಆಫೀಸು. ಅಲ್ಲಿಂದ ಯೂರೋಪು, ಮಲೇಷಿಯಾ, ಸಿಂಗಾಪುರಕ್ಕೆ ಗುಂಪು ಪ್ರವಾಸಗಳು ಹೊರಡುತ್ತಿದ್ದವು. ಮೈಸೂರು, ಚಾಮರಾಜನಗರದ ಗಿರಾಕಿಗಳ ಜೊತೆ ಮಾತಾಡಲು ಕನ್ನಡ ಬಲ್ಲವರೊಬ್ಬರು ಬೇಕೆಂದು ತಿಳಿದು ಕೆಲಸ ಕೇಳಲು ಹೋಗಿದ್ದೆ. ಮಾಲೀಕ ಪ್ರಭಾಕರನ್ ಇನ್ನೂ ಬಂದಿರಲಿಲ್ಲ. ನನ್ನಂತೆಯೇ ಕೆಲಸ ಕೇಳಲು ಬಂದ ಕೆಲವರು ಬೆಂಚಿನ ಮೇಲೆ ಕೂತಿದ್ದರು. ಜಾಗವಿಲ್ಲದೆ ನಾನು ಮೆಟ್ಟಿಲಿಗೆ ಬಂದೆ.

ಅಲ್ಲಿ ಐವತ್ತು ದಾಟಿದ ಒಬ್ಬರು ಕೂತು ಸೂಟ್‌ಕೇಸಿಗೆ ಕಟ್ಟುವ ಚೀಟಿಗಳಿಗೆ ದಾರ ಪೋಣಿಸುತ್ತಿದ್ದರು. ಬಿಳಿ ಅರ್ಧ ತೋಳಿನ ಅಂಗಿ, ಕಪ್ಪು ಪ್ಯಾಂಟು, ಹಣೆಯಲ್ಲಿ ವಿಭೂತಿಯ ಗೆರೆ. ಒಂದೇ ಕೈಯ ಎರಡು ಬೆರಳುಗಳಲ್ಲಿ ದಾರವನ್ನು ಸುತ್ತಿ, ಎಳೆದು ಗಂಟು ಹಾಕುತ್ತಿದ್ದರು. ಮಗ್ಗದವರು ಕಡಿದ ಎಳೆಯನ್ನು ಕೂಡಿಸುವುದು ಹಾಗೆ ಎಂದು ನನಗೆ ಗೊತ್ತಾಗಿದ್ದು ಬಹಳ ದಿನಗಳ ಮೇಲೆ. ನಾನು ಫೋನಿನಲ್ಲಿ ಅಮ್ಮನ ಜೊತೆ ಮಾತಾಡಿ ಮುಗಿಸಿದಾಗ ಅವರು ತಲೆಯೆತ್ತಿದರು.

"ಕನ್ನಡವಾ? ಯಾವೂರು ಕಣ್ಣು?"

"ಹನೂರ ಹತ್ರ ಅಣ್ಣ."

"ಸೆರಿ ಸೆರಿ. ನಮ್ದು ನೆಗಮ. ನಮ್ಮ ತಾತನ ತಾತನ ಕಾಲದಿಂದ ಇಲ್ಲೇ. ಮನೇಲಿ ಕನ್ನಡವೇ. ಆದ್ರೆ ಎಳ್ತು ಮಾತ್ರ ತಮಿಳೇ. ಕನ್ನಡ ಬರ್ದು ತೋರ್ಸಿದ್ರೆ ನಂಗೆ ಜಿಲೇಬಿ ಸುತ್ತಿದಂಗೆ ಕಾಣ್ತದೆ."

ಚೀಟಿಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿ ಎದ್ದರು. "ಓನರು ಬರದು ತಡ ಆತದೆ. ಅಮ್ಮುಣಿ, ನೀ ಕಡೆಗೆ ಬಾ," ಎಂದು ಹೇಳಿ ಕೆಳಗಿಳಿದು ಹೋದರು. ಕಣ್ಣು, ಅಮ್ಮುಣಿ ಎರಡೂ ಆ ಸೀಮೆಯಲ್ಲಿ ಹುಡುಗಿಯರನ್ನು ಅಕ್ಕರೆಯಿಂದ ಕರೆಯುವ ಮಾತು.

ಎಲ್ಲರ ಸರದಿ ಮುಗಿದ ಮೇಲೆ ಕಡೆಯಲ್ಲಿ ಬಾ ಎಂದರು ಎಂದುಕೊಂಡು ನಾನು ಅಲ್ಲೇ ಕೂತೆ. ಬೆಳಿಗ್ಗೆ ಊರು ಬಿಡುವಾಗ ಏನೂ ತಿಂದಿರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವರು ಪೇಪರಿನಲ್ಲಿ ಸುತ್ತಿದ ಬನ್ ಹಿಡಿದು ಮೆಟ್ಟಿಲು ಹತ್ತಿ ಬಂದರು.

"ಏನ್ ಕಣ್ಣು, ಕಡೆಗೆ ಬಾ ಅಂದ್ರೆ ಬರ್ಲೇ ಇಲ್ಲ? ನಿನ್ ಟೀ ಆರಿ ಓಯ್ತು, ನಾನೇ ಕುಡ್ದೆ."

"ಕಡೆಗೆ ಅಂದ್ರಲ್ಲ ಅಣ್ಣ, ಅದಕ್ಕೆ ಎಲ್ಲರದೂ ಆಗ್ಲಿ ಅಂತ..."

ಅವರು ನನ್ನನ್ನೇ ನೋಡಿದರು. ಆಮೇಲೆ ಗೋಡೆಗೆ ಕೈಯೂರಿ ನಗತೊಡಗಿದರು. ನೆಗಮದ ಕನ್ನಡದಲ್ಲಿ ಕಡೆ ಎಂದರೆ ಅಂಗಡಿ. ತಮಿಳಿನಿಂದ ಬಂದ ಮಾತು. ಕೊನೆ ಎನ್ನುವ ಅರ್ಥದಲ್ಲಿ ಅವರ ಮನೆಗಳಲ್ಲಿ ಆ ಮಾತನ್ನು ಯಾರೂ ಆಡುವುದಿಲ್ಲ. ಅವರು ನನ್ನನ್ನು ಕರೆದದ್ದು ಕೆಳಗಿನ ಬೇಕರಿಗೆ.

"ನೀನೂ ನಮ್ಮ ಮಲ್ಲಿಗಾ ತರಾನೇ! ಅವ್ಳು ತಾಳವಾಡಿಯವ್ಳು, ಬೆಟ್ಟದ ಮೇಲಿನ ಕನ್ನಡ. ಮದ್ವೆ ಆದ ಮಾರ್ನೇ ದಿನ ನಾನು ಕಡೆಗೆ ಓಗಿದ್ದೆ, ನೂಲು ತರಕ್ಕೆ. ಎದ್ದು ಬಂದು ನಮ್ಮವ್ವನ ಕೇಳವ್ಳೆ, ಅವರೆಲ್ಲಿ ಅಂತ. ನಮ್ಮವ್ವ, ಅವ ಕಡೆಗೆ ಓದ ಅಂದ್ಲು. ಅಷ್ಟೇ, ಕೂತ್ಕಂಡು ಓ ಅಂತ ಅತ್ತವ್ಳೆ! ನಾನು ನೂಲು ಒತ್ಕಂಡು ಬರ್ತೀನಿ, ಬಾಗಿಲಲ್ಲಿ ಬೀದಿ ಜನವೆಲ್ಲ ನಿಂತವ್ರೆ."

ಬನ್ನಿನೊಳಗೆ ಸಕ್ಕರೆ ಬೆರೆಸಿದ ಕೊಬ್ಬರಿ, ಕೆಂಪು ಚೆರಿ ಹಣ್ಣಿನ ಚೂರು ಇದ್ದವು. ಆ ಊರಿನಲ್ಲಿ ನಾನು ತಿಂದ ಮೊದಲ ತಿಂಡಿ ಅದು. ಕೆಲಸ ಸಿಕ್ಕಿತು.

ತಿರುಮೂರ್ತಿ ಅಣ್ಣ ಅಲ್ಲಿ ಪ್ರವಾಸದ ಗುಂಪುಗಳನ್ನು ಕರೆದೊಯ್ಯುವವರಾಗಿದ್ದರು. ಹತ್ತನೆಯ ತರಗತಿ ಮುಗಿಸಿ ಅಪ್ಪನ ಮಗ್ಗದಲ್ಲಿ ಕೆಲವು ವರ್ಷ ಕೂತವರು. ಸೀರೆಗೆ ಗಿರಾಕಿ ಕಡಿಮೆಯಾದಾಗ ಕೊಯಮತ್ತೂರಿಗೆ ಬಂದು ಟ್ರಾವೆಲ್ಸಿನಲ್ಲಿ ಸಾಮಾನು ಎತ್ತುವ ಕೆಲಸಕ್ಕೆ ಸೇರಿದರು. ಒಮ್ಮೆ ಅಡುಗೆಯವನ ಸಹಾಯಕ್ಕೆಂದು ಅನ್ನದ ಕುಕ್ಕರ್ ಹೊತ್ತು ವಿಮಾನ ಹತ್ತಿದರು. ಎಲ್ಲರ ಜೊತೆಗೂ ಹೊಂದಿಕೊಳ್ಳುವ ಗುಣ ನೋಡಿ ಪ್ರಭಾಕರನ್ ಇವರನ್ನೇ ಗುಂಪಿನ ಮುಂದಾಳು ಮಾಡಿದರು. ಇಂಗ್ಲಿಷು ಅಷ್ಟಕ್ಕಷ್ಟೇ. ಆದರೂ ಯಾವ ಊರಿನಲ್ಲೂ ದಾರಿ ತಪ್ಪಿದವರಲ್ಲ.

ಅವರಿಗೆ ಅರಮನೆ, ಗೋಪುರಗಳ ಹುಚ್ಚು ಇರಲಿಲ್ಲ. ಪ್ರತಿ ಊರಿನಲ್ಲೂ ಒಂದು ಬೇಕರಿ ಅಥವಾ ಕಾಫಿ ಅಂಗಡಿಯನ್ನು ಗುರುತಿಟ್ಟುಕೊಂಡಿದ್ದರು. ಆ ಅಂಗಡಿಗಳ ಹೆಸರು ಅವರ ಬಾಯಲ್ಲಿ ನಿಲ್ಲುತ್ತಿರಲಿಲ್ಲ. ತಾವೇ ಹೆಸರಿಟ್ಟಿದ್ದರು. ಮಲೇಷಿಯಾದ ಪೆನಾಂಗಿನಲ್ಲಿ 'ಸೌದೆ ಕಡೆ'. ಅಲ್ಲಿ ತಮಿಳು ಮಾತಾಡುವ ಒಬ್ಬ ಸಾಹೇಬರು ಸೌದೆ ಒಲೆಯಲ್ಲಿ ದಪ್ಪ ಬ್ರೆಡ್ ಸುಡುತ್ತಿದ್ದರು. ಪ್ಯಾರಿಸಿನಲ್ಲಿ 'ಯಾಳ್ಪಾಣದವರ ಕಡೆ'. ಮಾಲೀಕ ಫ್ರೆಂಚಿನವನು, ಆದರೆ ಒಳಗೆ ಹಿಟ್ಟು ನಾದುತ್ತಿದ್ದವರು ಯುದ್ಧದಲ್ಲಿ ಯಾಳ್ಪಾಣ ಬಿಟ್ಟು ಬಂದ ಶ್ರೀಲಂಕಾ ತಮಿಳರು. ಅಣ್ಣ ಹೋದರೆ ಹಿಂಬಾಗಿಲಿನಿಂದ ಕರೆದು, ಕೈಯುದ್ದದ ಬ್ರೆಡ್ ಮುರಿದು ಕೊಡುತ್ತಿದ್ದರಂತೆ. ವಿಯೆನ್ನಾದ ಕಾಫಿ ಅಂಗಡಿಗಳೆಂದರೂ ಅವರಿಗೆ ಬಹಳ ಇಷ್ಟ. ಅಲ್ಲಿ ಕಾಫಿಯ ಜೊತೆ ಕೇಳದೆಯೇ ಒಂದು ಲೋಟ ನೀರು ತಂದಿಡುತ್ತಾರೆ. "ನೀರು ಕೊಟ್ಟು ಕಾಫಿ ಕೊಡೋರು ನಮ್ಮೋರೇ ಅಲ್ವಾ," ಎನ್ನುತ್ತಿದ್ದರು.

ಗುಂಪಿನವರು ಕೆಲವೊಮ್ಮೆ ರೇಗುತ್ತಿದ್ದರು. ತಿರುಪ್ಪೂರಿನ ಬನಿಯನ್ ಕಂಪನಿ ಯಜಮಾನರೊಬ್ಬರು ನನ್ನೆದುರಿಗೇ, "ಏನ್ಪಾ ತಿರುಮೂರ್ತಿ, ಅಷ್ಟು ದೂರ ಹೋಗಿ ಬನ್ ತಿಂದು ಬರೋದಾ? ಅದು ನಮ್ಮ ಅವಿನಾಶಿ ರಸ್ತೇಲೇ ಸಿಗಲ್ವಾ?" ಎಂದು ತಮಿಳಿನಲ್ಲಿ ಕೇಳಿದ್ದರು.

"ಅರಮನೆ ನಿಮ್ಮ ಫೋನಲ್ಲೂ ಕಾಣ್ತದೆ ಯಜಮಾನ್ರೇ. ಬಿಸಿ ಬ್ರೆಡ್ಡಿನ ವಾಸ್ನೆ ಫೋನಲ್ಲಿ ಬರ್ತದಾ?" ಎಂದು ಅಣ್ಣ ಉತ್ತರಿಸಿದ್ದರು.

ಆದರೆ ಅವರು ಆ ಅಂಗಡಿಗಳಿಗೆ ಹೋಗುತ್ತಿದ್ದದ್ದು ತಮಗಾಗಿ ಅಲ್ಲ. ಅದು ನನಗೆ ತಿಳಿದದ್ದು ಒಂದು ಭಾನುವಾರ ನೆಗಮದ ಅವರ ಮನೆಗೆ ಹೋದಾಗ.

ಒಳಗೆ ಮಲ್ಲಿಗಾ ಅಕ್ಕ ಗುಂಡಿ ಮಗ್ಗದಲ್ಲಿ ಕೂತಿದ್ದರು. ಸಣ್ಣ ದೇಹ, ಎತ್ತಿ ಕಟ್ಟಿದ ಕೂದಲು. ಲಾಳಿ ಎರಡು ಸಲ ಆಚೀಚೆ ಹೋದರೆ ಒಮ್ಮೆ ನಿಂತು ಉಸಿರು ತೆಗೆದುಕೊಳ್ಳುತ್ತಿದ್ದರು. ಮದುವೆಯಾಗಿ ಬಂದ ಮೇಲೆ ಕಲಿತ ನೇಯ್ಗೆ. ಶ್ವಾಸಕೋಶ ಕೆಟ್ಟಿತ್ತು. ಮಗ್ಗದ ಮುಂದೆ ಕೂರಬೇಡಿ ಎಂದು ವೈದ್ಯರು ಹೇಳಿದ್ದರೂ ಕೈ ಸುಮ್ಮನಿರುವುದಿಲ್ಲವೆಂದು ಕೂರುತ್ತಿದ್ದರು. ತಿರುಪ್ಪೂರಿಗೆ ಮದುವೆ ಮಾಡಿಕೊಟ್ಟ ಮಗಳು ಗೋಕಿಲಾ ಅಂದು ಬಂದಿದ್ದಳು.

"ಬಾವ್ವ. ನಮ್ಮ ಕಡೆಯವ್ಳಂತೆ ನೀನು," ಎಂದರು ಮಲ್ಲಿಗಾ ಅಕ್ಕ.

"ಯಾವ ಕಡೆ? ದಿನಸಿ ಕಡೆಯಾ, ಬನ್ ಕಡೆಯಾ?" ಎಂದು ಅಣ್ಣ ಕೆಣಕಿದರು.

"ಥೂ, ಸುಮ್ಕಿರೀಂಗ! ನೋಡವ್ವ, ಮೂವತ್ತು ವರ್ಸ ಆಯ್ತು, ಇವರ ಮಾತೇ ಆಡಿ ಆಡಿ ನಾನೂ ಅಂಗಡಿನ ಕಡೆ ಅಂತೀನಿ. ತಾಳವಾಡಿಗೆ ಓದ್ರೆ ನಮ್ಮಕ್ಕ ನಗ್ತಾಳೆ. ಆದ್ರೂ ಇವರಿಗೆ ತೃಪ್ತಿ ಇಲ್ಲ."

ಅಣ್ಣ ಹಿಂದಿನ ದಿನವಷ್ಟೇ ಪೆನಾಂಗಿನಿಂದ ಬಂದಿದ್ದರು. ಚೀಲದಿಂದ ಪಂಚೆಯಲ್ಲಿ ಸುತ್ತಿದ ಬ್ರೆಡ್ ತೆಗೆದರು. ಗೋಕಿಲಾ ದೋಸೆ ಕಲ್ಲಿಟ್ಟಳು. ಮಲ್ಲಿಗಾ ಅಕ್ಕ ಚೂರನ್ನು ಕಲ್ಲಿನ ಮೇಲೆ ಬಿಸಿ ಮಾಡಿ, ಮೊದಲು ಮೂಗಿಗೆ ಹಿಡಿದು, ಆಮೇಲೆ ತಿಂದರು. "ಸೌದೆ ವಾಸ್ನೆ ಐತೆ. ಓದ್ ಸಲಕ್ಕಿಂತ ಉಪ್ಪು ಕಮ್ಮಿ. ಸಾಹೇಬ್ರಿಗೆ ವಯಸ್ಸಾಯ್ತೇನೋ," ಎಂದರು. ಆಮೇಲೆ ಅಂಗಡಿ ಎಷ್ಟು ದೊಡ್ಡದು, ಒಲೆ ಯಾವ ಮೂಲೆಯಲ್ಲಿದೆ, ಸಾಹೇಬರ ಹೆಂಡತಿ ಮಾತಾಡಿದಳೇ ಎಂದು ಒಂದೊಂದಾಗಿ ಕೇಳಿದರು. ಅಣ್ಣ ಒಂದನ್ನೂ ಬಿಡದೆ ಹೇಳಿದರು.

ಪ್ರವಾಸಕ್ಕೆ ಅಕ್ಕನನ್ನು ಒಮ್ಮೆ ಕರೆದೊಯ್ಯಬೇಕೆಂದು ಅಣ್ಣನಿಗೆ ಆಸೆಯಿತ್ತು. ಮೊದಲು ಹಾಸಿಗೆ ಹಿಡಿದ ಅತ್ತೆಯನ್ನು ಬಿಟ್ಟು ಬರಲು ಆಗಲಿಲ್ಲ. ಅತ್ತೆ ತೀರಿಕೊಂಡ ಮೇಲೆ ಪಾಸ್‌ಪೋರ್ಟ್ ಮಾಡಿಸಿದರು. ಅಷ್ಟರಲ್ಲಿ ವೈದ್ಯರು, ಈ ಉಸಿರಿಗೆ ವಿಮಾನ ಬೇಡ ಎಂದುಬಿಟ್ಟರು. ಹಾಗಾಗಿ ಅಂಗಡಿಯೇ ಚೂರು ಚೂರಾಗಿ ಪಂಚೆಯಲ್ಲಿ ಮನೆಗೆ ಬರುತ್ತಿತ್ತು.

ಒಂದು ಅಂಗಡಿಯದು ಮಾತ್ರ ಬರುತ್ತಿರಲಿಲ್ಲ. ವಿಯೆನ್ನಾದಲ್ಲಿ ರೈಲು ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ಒಬ್ಬ ಮುದುಕಿ ನಡೆಸುವ ಬೇಕರಿ. ಅಲ್ಲಿ ಬನ್ನಿನೊಳಗೆ ಅರೆದ ಗಸಗಸೆ ತುಂಬುತ್ತಾರೆ. ಅಣ್ಣನ ಗುಂಪುಗಳು ವಾಪಸು ಬರುತ್ತಿದ್ದದ್ದು ಶಾರ್ಜಾ ಮಾರ್ಗವಾಗಿ. ಗಲ್ಫ್ ದೇಶದಲ್ಲಿ ಗಸಗಸೆಗೆ ನಿಷೇಧವಿದೆ, ಚೀಲದಲ್ಲಿ ಒಂದು ಚಿಟಿಕೆ ಸಿಕ್ಕಿದರೂ ಹಿಡಿಯುತ್ತಾರೆ. ಹೊರಡುವ ಮೊದಲು ಪ್ರತಿ ಗುಂಪಿಗೂ ಅಣ್ಣನೇ ಈ ಮಾತನ್ನು ಹೇಳುತ್ತಿದ್ದರು. ಅವರೇ ಅದನ್ನು ಮುರಿಯುವುದು ಹೇಗೆ?

"ನಮ್ಮೂರಲ್ಲಿ ಅಬ್ಬಕ್ಕೆ ಗಸಗಸೆ ಪಾಯ್ಸ ಮಾಡ್ತೀವಿ," ಎಂದರು ಮಲ್ಲಿಗಾ ಅಕ್ಕ. "ಕುಡ್ದೋರು ಮಧ್ಯಾನ ಜಗುಲಿ ಮೇಲೇ ಬಿದ್ಕತಾರೆ. ಆ ಬಿಳೀ ಜನ ದಿನಾ ಬನ್ನಲ್ಲಿ ಆಕ್ಕಂಡು ತಿಂದು ಕೆಲ್ಸ ಎಂಗ್ ಮಾಡ್ತಾರೋ! ಆ ಕಡೆ ಒಂದ ನೋಡ್ಬೇಕು ಕನವ್ವ. ತಿನ್ನಕ್ಕಂತೂ ಇಲ್ಲ."

ಆ ಮಾತನ್ನು ಅಣ್ಣ ಮನಸ್ಸಿನಲ್ಲಿ ಇಟ್ಟುಕೊಂಡಿದ್ದರು.

ಹೋದ ವರ್ಷ ಅಣ್ಣ ಒಂದು ಗುಂಪನ್ನು ಯೂರೋಪಿಗೆ ಕರೆದೊಯ್ದರು. ವಿಯೆನ್ನಾ ಆ ಪ್ರವಾಸದ ಕೊನೆಯ ಊರು. ಅವರು ಅಲ್ಲಿ ಇಳಿದ ದಿನವೇ ಇಲ್ಲಿ ಮಲ್ಲಿಗಾ ಅಕ್ಕನಿಗೆ ಉಸಿರಾಟ ಹೆಚ್ಚಾಗಿ, ಗೋಕಿಲಾ ಅವರನ್ನು ಕೊಯಮತ್ತೂರಿನ ಒಂದು ಆಸ್ಪತ್ರೆಗೆ ಸೇರಿಸಿದಳು. ಅಲ್ಲಿಂದಲೇ ನನಗೆ ಫೋನ್ ಮಾಡಿದಳು. "ಅಕ್ಕಾ, ಅಪ್ಪನ ಬರ್ಸಿ. ಡಾಕ್ಟರು ಮುಖ ಕೊಟ್ಟು ಮಾತಾಡ್ತಿಲ್ಲ."

ಗುಂಪನ್ನು ನೋಡಿಕೊಳ್ಳಲು ಅಲ್ಲಿನ ಗೈಡ್ ಒಪ್ಪಿದ. ಅಂದು ಸಂಜೆಯ ವಿಮಾನದಲ್ಲಿ ಒಂದು ಸೀಟು ಹುಡುಕಿ ಅಣ್ಣನಿಗೆ ಹೇಳಿದೆ. "ಸೆರಿ ಅಮ್ಮುಣಿ, ಪೆಟ್ಟಿ ಕಟ್ತೀನಿ," ಎಂದರು.

ಸ್ವಲ್ಪ ಹೊತ್ತಿಗೆ ಅವರೇ ಫೋನ್ ಮಾಡಿದರು. ದನಿಯೇ ಬೇರೆಯಾಗಿತ್ತು.

"ಅಮ್ಮುಣಿ, ಸಂಜೆ ಟಿಕೆಟ್ ಬ್ಯಾಡ. ನಾಳೆ ಮಧ್ಯಾನಕ್ಕೆ ಆಕು. ಅವ್ಳೇ ವಾಯ್ಸ್ ಕಳ್ಸವ್ಳೆ, ಅವ್ಳ ದನೀಲೇ! ಕಡೆ ಒಂದ್ಸಲ ನೋಡ್ಬೇಕಂತೆ. ಗಸಗಸೆ ಕಡೆ. ಮಧ್ಯಾನಕ್ಕೇ ಮುಚ್ಬುಡ್ತಾಳೆ ಆ ಮುದ್ಕಿ, ನಾಳೆ ಬೆಳಗೆ ತೆಗೀತಾಳೆ. ವೀಡಿಯೊ ಆಕಿ ಪೂರಾ ತೋರಿಸ್ಬುಟ್ಟು ಬತ್ತೀನಿ."

"ಅಣ್ಣ, ಗೋಕಿಲಾ ಬೇಗ ಬನ್ನಿ ಅಂದ್ಲು..."

"ಅವ್ಳು ಮಗು, ಎದರ್ಕಂಡವ್ಳೆ. ಬನ್ ಕಡೆ ನೋಡ್ಬೇಕು ಅನ್ನೋರು ಸಾಯೋರಾ ಕಣ್ಣು? ಆಸೆ ಉಟ್ಟದೆ ಅಂದ್ರೆ ಉಸ್ರೂ ಬಂತು ಅಂತ್ಲೇ ಲೆಕ್ಕ."

ಅವರ ಸಂತೋಷ ನನಗೂ ತಗುಲಿತು. ಗೋಕಿಲಾಳನ್ನು ಕೇಳಿದೆ. ಹೌದು, ಅವ್ವ ಕಡೆ ನೋಡ್ಬೇಕು ಅಂದ್ಲು, ನಾನೇ ಫೋನ್ ಹಿಡ್ದಿದ್ದೆ ಎಂದು ಅವಳೂ ಹೇಳಿದಳು. ಟಿಕೆಟ್ ಬದಲಾಯಿಸಿದೆ.

ಮರುದಿನ ಬೆಳಿಗ್ಗೆ ಅಣ್ಣ ಆ ಬೇಕರಿಯ ಬಾಗಿಲಲ್ಲಿ ನಿಂತು ಕರೆ ಮಾಡಿದರು. ಆಸ್ಪತ್ರೆಯಲ್ಲಿ ಗೋಕಿಲಾ ಅವ್ವನ ಮುಖದ ಮುಂದೆ ಫೋನ್ ಹಿಡಿದಳು. ಅಂಗಡಿ ಚೆನ್ನಾಗಿ ಕಾಣಲೆಂದು ಅಣ್ಣ ಫೋನ್ ರಿಂಗಾಗುವಾಗಲೇ ಹಿಂದಿನ ಕ್ಯಾಮೆರಾಕ್ಕೆ ತಿರುಗಿಸಿಕೊಂಡಿದ್ದರು. ಗಾಜಿನ ಬೀರು, ಅದರೊಳಗೆ ಜಡೆಯಂತೆ ಹೆಣೆದ ಬ್ರೆಡ್ಡುಗಳು, ಕತ್ತರಿಸಿದ ಕಡೆಯೆಲ್ಲ ಕಪ್ಪಗೆ ಕಾಣುವ ಗಸಗಸೆ ಬನ್ನುಗಳು, ಒಲೆಯ ಬಾಗಿಲು, ಹಿಟ್ಟು ಮೆತ್ತಿದ ಕೈ ಬೀಸಿದ ಮುದುಕಿ. ಎಲ್ಲವನ್ನೂ ನಿಧಾನವಾಗಿ ತೋರಿಸಿದರು. ಮಾಸ್ಕಿನ ಹಿಂದೆ ಮಲ್ಲಿಗಾ ಅಕ್ಕ ಕಣ್ಣು ತೆರೆದು ನೋಡಿದರು ಎಂದು ಗೋಕಿಲಾ ಹೇಳಿದಳು.

ಅಣ್ಣ ಅದೇ ಮಧ್ಯಾಹ್ನ ಹೊರಟರು. ಶಾರ್ಜಾದಲ್ಲಿ ಇಳಿದು ಮುಂದಿನ ವಿಮಾನಕ್ಕೆ ಕಾಯುತ್ತಿದ್ದಾಗ ಗೋಕಿಲಾಳ ಫೋನ್ ಬಂತು. ನೆಗಮದ ಮನೆಗೆ ಅವರು ಬಂದಾಗ ಮಲ್ಲಿಗಾ ಅಕ್ಕನನ್ನು ಮಗ್ಗದ ಪಕ್ಕದಲ್ಲಿ ಮಲಗಿಸಿದ್ದರು. ಅಣ್ಣ ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ಬಂದರು. ಬಹಳ ಹೊತ್ತು ಮುಖ ನೋಡುತ್ತ ನಿಂತರು. ಅಳಲಿಲ್ಲ. ಗೋಕಿಲಾ ತಬ್ಬಿಕೊಂಡು, "ಅಪ್ಪಾ, ನೀನು ತೋರ್ಸಿದ ಕಡೆ ನೋಡಿದ್ಲಪ್ಪಾ, ನೋಡ್ಕಂಡೇ ಓದ್ಲು," ಎಂದು ಅತ್ತಾಗ, "ಊಂ ಕಣ್ಣು," ಎಂದರು ಅಷ್ಟೇ.

ಕಾರ್ಯಗಳೆಲ್ಲ ಮುಗಿದ ಮೇಲೆ ಅಣ್ಣ ಆಫೀಸಿಗೆ ಬರತೊಡಗಿದರು. ಗುಂಪು ಕರೆದೊಯ್ಯಿರಿ ಎಂದು ಪ್ರಭಾಕರನ್ ಹೇಳಲಿಲ್ಲ, ಅವರೂ ಕೇಳಲಿಲ್ಲ. ಒಂದು ದಿನ ಮಧ್ಯಾಹ್ನ ನನ್ನ ಮೇಜಿನ ಹತ್ತಿರ ಬಂದು ನಿಂತರು.

"ಅಮ್ಮುಣಿ, ಅಂಗಡಿಗೆ ಬಾ," ಎಂದರು. ಕಡೆ ಎನ್ನಲಿಲ್ಲ.

ನಾನು ಮೊದಲ ದಿನ ಹೋಗದೆ ಉಳಿದ ಅದೇ ಬೇಕರಿ. ಬಸ್ಸುಗಳ ಸದ್ದು ಕಡಿಮೆ ಇರುವ ಒಳಗಿನ ಮೂಲೆಯಲ್ಲಿ ನಿಂತೆವು. ಎರಡು ಟೀ, ಎರಡು ಬನ್ ಹೇಳಿದರು. ಬನ್ ಮುಟ್ಟದೆ ಫೋನ್ ತೆಗೆದರು.

"ನೀನು ಕನ್ನಡ ಓದ್ದವ್ಳು. ಬೆಟ್ಟದ ಆ ಕಡೆಯವ್ಳು. ಇದ ಕೇಳಿ ಯೋಳು."

ಫೋನನ್ನು ಕಿವಿಗೆ ಹಿಡಿದೆ. ಮಾಸ್ಕಿನೊಳಗೆ ಗಾಳಿ ಹೊಕ್ಕು ಹೊರಡುವ ಸದ್ದು. ಅದರ ನಡುವೆ ಮಲ್ಲಿಗಾ ಅಕ್ಕನ ದನಿ.

"ಏನೂಂಗ... ಕೇಳ್ತದಾ... ಕಡೆ... ಒಂದ್ಸಲ ನೋಡ್ಬೇಕು... ಅಷ್ಟೇ ಕನ..."

ಮತ್ತೊಮ್ಮೆ ಕೇಳಿದೆ. ಕಡೆ ಎನ್ನುವ ಮಾತಾದ ಮೇಲೆ ಉಸಿರು ಸಿಕ್ಕದೆ ಅವರು ನಿಂತಿದ್ದರು. ಅಂಗಡಿಯನ್ನು ಒಂದು ಸಲ ನೋಡಬೇಕು. ಕಡೆಯದಾಗಿ ಒಂದು ಸಲ ನಿಮ್ಮನ್ನು ನೋಡಬೇಕು. ನಮ್ಮೂರಿನ ಯಾರಿಗೆ ಕೇಳಿಸಿದರೂ ಎರಡನೆಯದನ್ನೇ ಹೇಳುತ್ತಾರೆ. ನನ್ನ ಕಿವಿಗೆ ಬಿದ್ದದ್ದೂ ಅದೇ.

"ಅಣ್ಣ, ಅವರು ಎಷ್ಟೋ ವರ್ಷದಿಂದ ಕಡೆ ಅಂದ್ರೆ ಅಂಗಡಿ ಅಂತಲೇ ಆಡ್ತಿದ್ರಲ್ಲ. ನನಗೇ ಅಂದಿದ್ರು, ಆ ಕಡೆ ನೋಡ್ಬೇಕು ಅಂತ."

"ಅಂದಿದ್ಲು. ಚೆಂದಾಗಿದ್ದಾಗ ಅಂದಿದ್ಲು." ಟೀ ಲೋಟವನ್ನು ಕೈಯಲ್ಲಿ ತಿರುಗಿಸುತ್ತ ಹೇಳಿದರು. "ಉಸ್ರು ನಿಲ್ಲೋ ಒತ್ನಲ್ಲಿ ಗಂಡನ ಮನೆ ಮಾತು ಬರ್ತದಾ ಕಣ್ಣು? ತಾಯಿ ಮನೆ ಮಾತೇ ಅಲ್ವಾ ಬರದು?"

"ಎರಡೂ ಆಗ್ತದೆ ಅಣ್ಣ," ಎಂದೆ. ಅದು ಸುಳ್ಳಾಗಿರಲಿಲ್ಲ.

"ಎರಡೂ ಆತದೆ," ಎಂದು ಅವರು ತಲೆಯಾಡಿಸಿದರು. ಫೋನನ್ನು ಅಂಗಿಯ ಜೇಬಿಗೆ ಹಾಕಿಕೊಂಡರು. ಮಾತು ಮುಗಿಯಿತು ಎಂದುಕೊಂಡೆ. ಆದರೆ ಅವರು ಬಲಗೈ ತೋರುಬೆರಳನ್ನು ಎತ್ತಿ ಗಾಳಿಯಲ್ಲಿ ನಿಧಾನವಾಗಿ ಒಂದು ಸುತ್ತು ತಿರುಗಿಸಿದರು.

"ವೀಡಿಯೊ ಓಡ್ವಾಗ ಅವ್ಳು ಇಂಗೆ ಮಾಡಿದ್ಲು. ಬೆರಳು ಇಂಗೆ. ತಿರುಗ್ಸು ಅಂತ. ಮಾತು ಬರ್ತಿರ್ಲಿಲ್ಲ. ಗೋಕಿಲಾ, ಅಪ್ಪಾ ಆ ಪಕ್ಕ ತೋರ್ಸು ಅಂತಾವ್ಳೆ ಅಂದ್ಲು. ನಾನು ಆ ಪಕ್ಕದ ಬೀರು ತೋರ್ಸಿದೆ. ಮತ್ತೆ ಬೆರಳು ಇಂಗೆ ಮಾಡಿದ್ಲು. ಒಲೆ ತೋರ್ಸಿದೆ. ಮತ್ತೂ ಮಾಡಿದ್ಲು. ಬೀದಿ ತೋರ್ಸಿದೆ ಅಮ್ಮುಣಿ, ಟ್ರಾಮ್ ಓಗದ ತೋರ್ಸಿದೆ. ಆಮೇಲೆ ಕೈ ಇಳ್ಸ್‌ಬುಟ್ಲು."

ಬೆರಳು ಇನ್ನೂ ಗಾಳಿಯಲ್ಲೇ ಇತ್ತು.

"ಫೋನ ತಿರುಗ್ಸು ಅಂದಿದ್ಲು. ನಾನು ಅಂಗ್ಡಿನೆಲ್ಲ ತಿರುಗ್ಸಿದೆ."

ಬೇಕರಿಯವನು ಬಂದು, "ಅಣ್ಣಾ, ಬನ್ ಚೆನ್ನಾಗಿಲ್ವಾ?" ಎಂದು ತಮಿಳಿನಲ್ಲಿ ಕೇಳಿದ. ಚೆನ್ನಾಗಿದೆ ಎಂದು ಅಣ್ಣನೇ ತಮಿಳಿನಲ್ಲಿ ಉತ್ತರಿಸಿ, ಎರಡನ್ನೂ ಪೇಪರಿನಲ್ಲಿ ಕಟ್ಟಿಸಿ ನನ್ನ ಕೈಗೆ ಕೊಟ್ಟರು. ಗೋಕಿಲಾಳಿಗೆ ಇದನ್ನು ಹೇಳಬಾರದು ಎಂದರು. ನಾನು ಹೇಳಿಲ್ಲ. ಇಲ್ಲಿ ಬರೆದಿದ್ದೇನೆ ಅಷ್ಟೇ, ಅವಳಿಗೆ ಕನ್ನಡ ಓದಲು ಬರುವುದಿಲ್ಲ.

ತಿರುಮೂರ್ತಿ ಅಣ್ಣ ಈಗ ವಿಮಾನ ಹತ್ತುವುದಿಲ್ಲ. ಪ್ರವಾಸದ ಗುಂಪುಗಳನ್ನು ಗಾಂಧಿಪುರಂನಿಂದ ವ್ಯಾನಿನಲ್ಲಿ ಪೀಳಮೇಡಿನ ವಿಮಾನ ನಿಲ್ದಾಣದವರೆಗೆ ಕರೆದೊಯ್ಯುತ್ತಾರೆ. ಗಸಗಸೆ ಇದ್ದರೆ ತೆಗೆದಿಡಿ ಎನ್ನುತ್ತಾರೆ. ಯಾವ ಊರಿನಲ್ಲಿ ಯಾವ ಬೇಕರಿಗೆ ಹೋಗಬೇಕೆಂದು ಕೇಳಿದವರಿಗೆ ದಾರಿ ಹೇಳುತ್ತಾರೆ. ಮನೆಗೆ ವೀಡಿಯೊ ಮಾಡಿದರೆ ಮೊದಲು ನಿಮ್ಮ ಮುಖ ತೋರಿಸಿ, ಊರು ಆಮೇಲೆ ತೋರಿಸಬಹುದು ಎನ್ನುತ್ತಾರೆ. ಎಲ್ಲರೂ ಒಳಗೆ ಹೋದ ಮೇಲೆ ಖಾಲಿ ವ್ಯಾನಿನಲ್ಲಿ ಆಫೀಸಿಗೆ ಬಂದು, ಮುಂದಿನ ಗುಂಪಿನ ಚೀಟಿಗಳಿಗೆ ದಾರ ಕಟ್ಟುತ್ತಾರೆ.